ವಿಸೆರಾದಲ್ಲಿ ಮಾರ್ಫಿನ್ ಸಿಕ್ಕಿತು ಅಂದ ಕೂಡಲೇ ಕೊಲೆ ಅನ್ನಬೇಡಿ

ಬೈಲಹೊಂಗಲದ ಕಡೆ ನಮ್ಮ ಬಳಗದ ಒಂದು ಮನೆ. ಕ್ಯಾನ್ಸರ್ ಆಗಿದ್ದ ಹಿರಿಯರು ತೀರಿಕೊಂಡರು. ಆಸ್ತಿ ಜಗಳ ಮೊದಲೇ ಇತ್ತು, ಯಾರೋ ಸ್ಟೇಷನ್‌ಗೆ ಹೋಗಿ ಅನುಮಾನ ಇದೆ ಅಂದರು. ಯುಡಿಆರ್ (ಅಸಹಜ ಸಾವಿನ ಕೇಸ್) ಆಯ್ತು, ಪಂಚನಾಮೆ ಆಯ್ತು, ವಿಸೆರಾ, ಅಂದರೆ ಶವಪರೀಕ್ಷೆಯಲ್ಲಿ ತೆಗೆದ ಒಳಅಂಗಗಳ ತುಂಡು, ಬೆಳಗಾವಿಯ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಲ್ಯಾಬ್‌ಗೆ) ಹೋಯಿತು. ರಿಪೋರ್ಟ್‌ನಲ್ಲಿ ಮಾರ್ಫಿನ್ (ತೀವ್ರ ನೋವಿಗೆ ಕೊಡುವ ಅಫೀಮಿನ ಔಷಧಿ) ಸಿಕ್ಕಿದೆ ಅಂತ ಬಂದದ್ದೇ ತಡ, ಸೊಸೆಯೇ ಗುಳಿಗೆ ಜಾಸ್ತಿ ಕೊಟ್ಟಳು ಅಂತ ಊರೆಲ್ಲ ಮಾತು. ಮಾವ ನೋವಿನಿಂದ ನರಳಬಾರದು ಅಂತ ಡಾಕ್ಟರ್ ಬರೆದುಕೊಟ್ಟ ಗುಳಿಗೆಯನ್ನು ನಾಲ್ಕು ತಾಸಿಗೊಮ್ಮೆ, ನಡುರಾತ್ರಿ ಎದ್ದು ಕೊಟ್ಟವಳು ಆಕೆ. ಮಾರ್ಫಿನ್ ನುಂಗಿದವರ ಮೈಯಲ್ಲಿ ಮಾರ್ಫಿನ್ ಸಿಗದೆ ಇನ್ನೇನು ಸಿಗಬೇಕು?

ಸಿಕ್ಕಿದ್ದು ಬೇರೆ, ಸಾವಿಗೆ ಕಾರಣ ಆಗಿದ್ದು ಬೇರೆ. ಪ್ರಮಾಣ ಗೊತ್ತಾದರೂ ಅದೊಂದೇ ಸಾಲದು. ತಿಂಗಳುಗಟ್ಟಲೆ ತೊಗೊಂಡವರ ಮೈ ಅದಕ್ಕೆ ಒಗ್ಗಿರುತ್ತದೆ, ಅವರಿಗೆ ನೋವಷ್ಟೇ ಇಳಿಸುವ ಡೋಸ್ ಹೊಸಬರ ಉಸಿರನ್ನೇ ನಿಲ್ಲಿಸಬಹುದು. ಕೆಲವು ವಾರ ಬಿಟ್ಟು ಮತ್ತೆ ಹಳೇ ಡೋಸ್ ತೊಗೊಂಡರೂ ಅಪಾಯ, ಯಾಕಂದ್ರೆ ಆ ಒಗ್ಗಿಕೆ ಬೇಗ ಇಳಿದುಹೋಗುತ್ತದೆ. ಕಿಡ್ನಿ ಸೋತವರಲ್ಲಿ ಮಾರ್ಫಿನ್‌ನಿಂದ ಆಗುವ ಅಂಶಗಳು ಹೊರಹೋಗದೆ ಕೂಡುತ್ತಾ ಹೋಗುತ್ತವೆ. ಜೊತೆಗೆ ಸಾರಾಯಿ ಅಥವಾ ನಿದ್ದೆ ಗುಳಿಗೆ ಇದ್ದರೆ ಕಡಿಮೆ ಪ್ರಮಾಣವೂ ಸಾಕು. ಕೆಮ್ಮಿನ ಸಿರಪ್‌ನ ಕೊಡೀನ್ ಕೂಡ ಮೈಯೊಳಗೆ ಸ್ವಲ್ಪ ಮಾರ್ಫಿನ್ ಆಗುತ್ತದೆ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಸತ್ತ ಮೇಲೂ ಔಷಧಿ ಒಂದೇ ಕಡೆ ನಿಲ್ಲುವುದಿಲ್ಲ. ಹೊಟ್ಟೆ, ಲಿವರ್, ಶ್ವಾಸಕೋಶದಿಂದ ಸುತ್ತಲಿನ ರಕ್ತಕ್ಕೆ ಇಳಿಯುತ್ತದೆ, ಹಾಗಾಗಿ ಹೃದಯದಿಂದ ತೆಗೆದ ರಕ್ತದಲ್ಲಿ ಅನೇಕ ಔಷಧಿಗಳ ಪ್ರಮಾಣ ಇದ್ದದ್ದಕ್ಕಿಂತ ಜಾಸ್ತಿ ಕಾಣಬಹುದು. ತೊಡೆಯ ರಕ್ತನಾಳದಿಂದ ತೆಗೆದ ರಕ್ತವೇ ಹೆಚ್ಚು ನಂಬಿಕೆಗೆ ತಕ್ಕದ್ದು. ಬರೀ ಉಪ್ಪುನೀರಿನ ಬಾಟಲಿಯಲ್ಲಿ ಹೊಟ್ಟೆ, ಲಿವರ್, ಕಿಡ್ನಿ ತುಂಡು ಕಳಿಸಿದರೆ ರಕ್ತದಲ್ಲಿ ಎಷ್ಟಿತ್ತು ಅನ್ನುವ ಲೆಕ್ಕ ಸಿಗುವುದಾದರೂ ಹೇಗೆ?

ಇದರ ಉಲ್ಟಾ ತಪ್ಪೂ ಆಗುತ್ತದೆ. ಮಾರ್ಫಿನ್ ಹುಡುಕುವ ಸರಳ ಸ್ಕ್ರೀನಿಂಗ್‌ಗೆ ಅದೇ ಥರ ಕೆಲಸ ಮಾಡುವ ನೋವಿನ ಔಷಧಿಗಳಾದ ಟ್ರಮಡಾಲ್, ಫೆಂಟನಿಲ್ ಸಾಮಾನ್ಯವಾಗಿ ಸಿಗುವುದಿಲ್ಲ. ಅವುಗಳ ರಚನೆಯೇ ಬೇರೆ, ಅಣುವಿನ ತೂಕದಿಂದ ಔಷಧಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆ ಬೇಕು. ಟ್ರಮಡಾಲ್ 2018ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ. ಆದರೂ ಏನು ಹುಡುಕಬೇಕು ಅಂತ ಲ್ಯಾಬ್‌ಗೆ ಹೇಳದಿದ್ದರೆ ಅದು ತಪ್ಪಿಹೋಗಬಹುದು.

ನನಗೆ ನಿಜವಾದ ಸಂಕಟ ಇರುವುದು ಇಲ್ಲಿ. ಇಂಥ ಮಾತು ಒಂದು ಊರಲ್ಲಿ ಹಬ್ಬಿದರೆ ಪಕ್ಕದ ಮನೆಯವರು ನೋವಿನ ಗುಳಿಗೆಯನ್ನೇ ಕೊಡಲು ಹೆದರುತ್ತಾರೆ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಸಿಗಲಿ ಅಂತಲೇ 2014ರಲ್ಲಿ ಇದೇ ಎನ್‌ಡಿಪಿಎಸ್ ಕಾಯ್ದೆ ತಿದ್ದಿದ್ದು, ಅಲ್ವಾ? ಮನೆಯವರು ಚೀಟಿ, ಖಾಲಿ ಸ್ಟ್ರಿಪ್, ಉಳಿದ ಗುಳಿಗೆ ಎಲ್ಲವನ್ನೂ ಪೊಲೀಸರಿಗೆ ಕೊಡಿ, ಸುಮ್ನೆ ಹೆದರಿ ಎಸೆಯಬೇಡಿ. ತಾಲ್ಲೂಕು ಆಸ್ಪತ್ರೆಯ ಡಾಕ್ಟರ್‌ಗಳಲ್ಲಿ ನನ್ನ ಕಳಕಳಿಯ ವಿನಂತಿ: ವಿಸೆರಾ ಜೊತೆ ತೊಡೆಯ ರಕ್ತವನ್ನು, ಅದು ಕೆಡದಂತೆ ಸೋಡಿಯಂ ಫ್ಲೋರೈಡ್ ಹಾಕಿದ ಬಾಟಲಿಯಲ್ಲಿ ಕಳಿಸಿ, ರೋಗಿ ಯಾವ ಗುಳಿಗೆ, ಎಷ್ಟು ದಿನದಿಂದ ತೊಗೊಳ್ಳುತ್ತಿದ್ದರು ಅಂತ ಪತ್ರದಲ್ಲೇ ಬರೆಯಿರಿ.