ನಾಲ್ವರು ಶರಣಬಸವರು, ಒಂದು ತೊಗರಿ ಮಷೀನು

ಫೈನಲ್ ಇಯರ್ ಪ್ರಾಜೆಕ್ಟಿಗೆ ಟೀಮ್ ಕಟ್ಟುವುದು ದೊಡ್ಡ ತಲೆನೋವು ಅಂತ ದೇಶವಿದೇಶದ ಪ್ರೊಫೆಸರುಗಳು ಪೇಪರ್ ಮೇಲೆ ಪೇಪರ್ ಬರೆಯುತ್ತಲೇ ಇದ್ದಾರೆ. ಪಾಪ, ಅವರು ಕಲಬುರಗಿಗೆ ಬಂದಿಲ್ಲ. ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅದು ಅರ್ಧ ಗಂಟೆಯ ಕೆಲಸ. (ಕಾಲೇಜಿನ ಹೆಸರು ಬೇಡ. ಹೇಳಿದರೆ, ನಮ್ಮನ್ನು ಯಾಕೆ ಬಿಟ್ಟಿರಿ ಅಂತ ಉಳಿದವರು ಬೇಜಾರು ಮಾಡಿಕೊಳ್ಳುತ್ತಾರೆ.) ಹಾಜರಿ ಪಟ್ಟಿ ತೆಗೆಯುವುದು, ಸ್ಕೇಲ್ ಇಟ್ಟು ನಾಲ್ಕು ಹೆಸರಿಗೊಂದು ಗೆರೆ ಎಳೆಯುವುದು. ಮುಗೀತು. ನೋಟಿಸ್ ಬೋರ್ಡಿಗೆ ಪಿನ್ ಚುಚ್ಚಿ ಬರುವಷ್ಟರಲ್ಲಿ ಸ್ಟಾಫ್ ರೂಮಿಗೆ ಚಹಾ ಬಂದಿರುತ್ತದೆ.

ಪಟ್ಟಿ ಇರುವುದು ಇಂಗ್ಲಿಷ್ ಅಕ್ಷರಗಳ ಪ್ರಕಾರ. ಶರಣಬಸವೇಶ್ವರರ ಊರು ನೋಡಿ, ಇಲ್ಲಿ ಓಣಿಗೊಬ್ಬ ಶರಣಬಸವ ಇದ್ದೇ ಇರುತ್ತಾನೆ. ಎಸ್ ಹತ್ತಿರ ಗೆರೆ ಎಳೆದರೆ ಒಂದೇ ಬ್ಯಾಚಿನಲ್ಲಿ ನಾಲ್ವರು ಶರಣಬಸವರು. ಎಂ ಹತ್ತಿರ ಎಳೆದರೆ ನಾಲ್ವರು ಮಲ್ಲಿಕಾರ್ಜುನರು, ಇಲ್ಲವೆ ನಾಲ್ವರು ಮೊಹಮ್ಮದರು. ಗೆರೆ ಸ್ವಲ್ಪ ಆಚೀಚೆ ಆದರೆ ಇಬ್ಬರು ಇವರು, ಇಬ್ಬರು ಅವರು. ಬಂದೇ ನವಾಜರ ದರ್ಗಾ ಇರುವ ಊರಿಗೆ ಅದೂ ಚೆಂದವೇ ಬಿಡಿ.

ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುದವರ ನಿಯಮ ಬೇರೆಯೇ ಇದೆ. 2018ರ ಸ್ಕೀಮ್‌ನಲ್ಲಿ, ವಿದ್ಯಾರ್ಥಿಯ ಸಾಮರ್ಥ್ಯ ನೋಡಿ ಪ್ರಾಜೆಕ್ಟ್ ಕೊಡಿ, ಒಬ್ಬರಿಗೇ ಕೊಟ್ಟರೂ ನಡೆಯುತ್ತದೆ, ಗುಂಪು ಮಾಡಿದರೆ 4ಕ್ಕಿಂತ ಜಾಸ್ತಿ ಬೇಡ, ಬೇರೆ ಬೇರೆ ಬ್ರಾಂಚ್ ಸೇರಿಸಿದ ಪ್ರಾಜೆಕ್ಟೂ ಆಗಬಹುದು ಅಂತ ಬರೆದಿದ್ದಾರೆ. ಇಷ್ಟರಲ್ಲಿ ಕಾಲೇಜಿನ ಕಣ್ಣಿಗೆ ಬಿದ್ದದ್ದು 4 ಮಾತ್ರ.

ನಮ್ಮ ಶರಣಬಸವರ ಬ್ಯಾಚನ್ನೇ ನೋಡಿ. ಒಬ್ಬ ಶಹಾಬಾದದಿಂದ ರೈಲಿನಲ್ಲಿ ಬರುವವನು. ಇನ್ನೊಬ್ಬ ಆಳಂದದ ಬಸ್ಸಿನವನು. ಮೂರನೆಯವನು ಸಂಜೆಯಾದರೆ ಸೂಪರ್ ಮಾರ್ಕೆಟಿನಲ್ಲಿ ಅಪ್ಪನ ಅಂಗಡಿಯ ಗಲ್ಲಾದ ಮೇಲೆ ಕೂರಬೇಕು. ನಾಲ್ಕನೆಯವನು ಹಾಸ್ಟೆಲಿನವನು. ನಾಲ್ವರೂ ಕೂಡಿ ಕೂರಲು ವಾರದಲ್ಲಿ ಒಂದು ತಾಸೂ ಸಿಗುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ನಡೆಸುವ ಕ್ಯಾಟ್‌ಮಿ ಅನ್ನುವ ಸಾಫ್ಟ್‌ವೇರ್, ಟೀಮ್ ಮಾಡುವ ಮುಂಚೆ ಪ್ರತಿಯೊಬ್ಬರಿಗೂ ನಿನಗೆ ಯಾವಾಗ ಬಿಡುವು, ಏನು ಬರುತ್ತದೆ ಅಂತ ಕೇಳುತ್ತದೆ. ಎಂಥ ಬಡತನ! ನಮ್ಮಲ್ಲಿ ಇಷ್ಟನ್ನು ಕೇಳಲು ಸಾಫ್ಟ್‌ವೇರ್ ಬೇಕಿಲ್ಲ, ಬಾಯಿ ಸಾಕು. ಆದರೂ ಕೇಳುವುದಿಲ್ಲ. ಬಸ್ಸು, ರೈಲು, ಅಂಗಡಿ ಯಾವುದೂ ಇಲ್ಲದ ಹಾಸ್ಟೆಲಿನವನು ಓಡಿಹೋಗುವುದಾದರೂ ಎಲ್ಲಿಗೆ? ಕೆಲಸವೆಲ್ಲ ತಾನಾಗಿ ಅವನ ಕೊರಳಿಗೆ ಬಿತ್ತು.

ಪ್ರಾಜೆಕ್ಟ್ ಯಾವುದಪ್ಪಾ ಅಂದರೆ ತೊಗರಿ ಬೇಳೆ ಬೇರ್ಪಡಿಸುವ ಮಷೀನು. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಮಾಲು ಅನ್ನುವ ಸರಕಾರಿ ಗುರುತು, ಸಿಕ್ಕ ಮೇಲಂತೂ ವರ್ಷಕ್ಕೊಂದಾದರೂ ತೊಗರಿ ಪ್ರಾಜೆಕ್ಟ್ ಇರಲೇಬೇಕು. ಬೆಲ್ಟಿನ ಮೇಲೆ ಬೇಳೆ ಹೋಗಬೇಕು, ಕ್ಯಾಮೆರಾ ನೋಡಬೇಕು, ಕೆಟ್ಟ ಕಾಳನ್ನು ಮೋಟಾರು ಆಚೆ ತಳ್ಳಬೇಕು. ಬೆಲ್ಟಿಗೆ ಮೆಕ್ಯಾನಿಕಲ್ ಬೇಕು, ಮೋಟಾರಿಗೆ ಎಲೆಕ್ಟ್ರಾನಿಕ್ಸ್ ಬೇಕು, ಕ್ಯಾಮೆರಾಕ್ಕೆ ಕಂಪ್ಯೂಟರ್ ಸೈನ್ಸ್ ಬೇಕು. ನಮ್ಮ ನಾಲ್ವರೂ ಕಂಪ್ಯೂಟರ್ ಸೈನ್ಸ್. ಒಬ್ಬನಿಗೂ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಎದುರಿನ ಕಟ್ಟಡದಲ್ಲಿ ಮೆಕ್ಯಾನಿಕಲ್‌ನ ನಾಲ್ವರು ಮಲ್ಲಿಕಾರ್ಜುನರು ಬಂಗಾರದಂಥ ಬೆಲ್ಟ್ ಮಾಡಿಟ್ಟುಕೊಂಡು, ಕೋಡ್ ಬರೆಯುವವರಿಲ್ಲದೆ ಕೂತಿದ್ದರು. ಎರಡು ಕಟ್ಟಡಗಳ ನಡುವೆ ಇರುವುದು ಒಂದು ಬೇವಿನ ಮರ, ಒಂದು ಸೈಕಲ್ ಸ್ಟ್ಯಾಂಡ್. ಆದರೆ ಎರಡು ಬ್ರಾಂಚ್ ಕೂಡಿದರೆ ಗೈಡ್ ಯಾರು, ಮಾರ್ಕ್ಸ್ ಯಾರ ರಿಜಿಸ್ಟರಿನಲ್ಲಿ? ದೇಶದ ಗಡಿ ದಾಟಿದರೂ ದಾಟಬಹುದು, ರಿಜಿಸ್ಟರ್ ದಾಟಲಾಗದು. ಕೊನೆಗೆ ಇವರು ಬೆಲ್ಟನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಅವರು ಕೋಡನ್ನು ಪ್ರಾಜೆಕ್ಟ್ ಸೆಂಟರಿನಲ್ಲಿ ಕೊಂಡರು. ಕಲಬುರಗಿಯ ವ್ಯಾಪಾರಕ್ಕಾದರೂ ಒಳ್ಳೆಯದಾಯಿತು.

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಅಂತ ಹಿರಿಯರು ಹೇಳುತ್ತಾರಲ್ವಾ, ಪ್ರಾಜೆಕ್ಟಿನಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ. ಮೂವರ ಕೈಯಲ್ಲಿ ಹುಲ್ಲುಕಡ್ಡಿ, ಒಬ್ಬನ ತಲೆಯ ಮೇಲೆ ಹೊರೆ. ರಿಂಗಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಇಂಜಿನಿಯರ್ ಜನರ ಕೈಯಲ್ಲಿ ಹಗ್ಗ ಎಳೆಸಿ ಇದನ್ನು ಅಳೆದೇಬಿಟ್ಟ. 1913ರಲ್ಲಿ ಅಚ್ಚಾದ ಅವನ ಲೆಕ್ಕದ ಪ್ರಕಾರ ಎಂಟು ಜನ ಕೂಡಿ ಎಳೆದಾಗ ಒಬ್ಬೊಬ್ಬರು ಹಾಕುವ ಬಲ, ಒಂಟಿಯಾಗಿ ಎಳೆದಾಗಿನ ಅರ್ಧದಷ್ಟಕ್ಕೆ ಬಂದಿತ್ತು. ಹೋಳಿ ಆದಮೇಲೆ ನಮ್ಮ ಶರಣಬಸವೇಶ್ವರರ ಜಾತ್ರೆಗೆ ಬಂದಿದ್ದರೆ ಅವನಿಗೆ ಅಷ್ಟು ಕಷ್ಟವೇ ಬೇಕಿರಲಿಲ್ಲ. ತೇರಿನ ಹಗ್ಗಕ್ಕೆ ಬೆರಳು ಮುಟ್ಟಿಸಿ ನಮಸ್ಕಾರ ಮಾಡಿದವರೂ ತೇರು ಎಳೆದು ಬಂದೆವು ಅಂತಲೇ ಮನೆಗೆ ಹೋಗುತ್ತಾರೆ. ದೇವರು ಅದನ್ನು ಒಪ್ಪುತ್ತಾನೆ. ಬೆಲ್ಟಿಗೆ ಅಷ್ಟು ದೊಡ್ಡ ಮನಸ್ಸಿಲ್ಲ.

ಮದ್ದೂ ಗೊತ್ತಿದೆ. ಆಮೇಲೆ ಅಮೆರಿಕದಲ್ಲಿ ಜನರಿಂದ ಗುಂಪಿನಲ್ಲಿ ಕೂಗಿಸಿ ಪ್ರಯೋಗ ಮಾಡಿದರು. ಯಾರು ಎಷ್ಟು ಜೋರಾಗಿ ಕೂಗುತ್ತೀರಿ ಅನ್ನುವುದು ಗೊತ್ತಾಗುತ್ತದೆ ಅಂತ ಹೇಳಿದ್ದೇ ತಡ, ಕಳ್ಳಾಟ ನಿಂತಿತು. ಅಂದರೆ ಒಬ್ಬೊಬ್ಬರ ಕೆಲಸವನ್ನೂ ಬೇರೆಯಾಗಿ ನೋಡಬೇಕು. ನಮ್ಮಲ್ಲಿ ಅದಕ್ಕೆಂದೇ ಪ್ರಾಜೆಕ್ಟ್ ಡೈರಿ ಇದೆ. ವಾರ ವಾರ ಯಾರು ಏನು ಮಾಡಿದರು ಅಂತ ಬರೆದು ಗೈಡ್ ಸಹಿ ಹಾಕಿಸಬೇಕು. ವೈವಾ ಹಿಂದಿನ ದಿನ ನಾಲ್ವರೂ ಕ್ಯಾಂಟೀನಿನಲ್ಲಿ ಕೂತು ಇಡೀ ಸೆಮಿಸ್ಟರಿನ ಡೈರಿ ಬರೆದರು. ಅನುಮಾನ ಬರಬಾರದು ಅಂತ ನೀಲಿ ಪೆನ್ನು, ಕಪ್ಪು ಪೆನ್ನು, ಜೆಲ್ ಪೆನ್ನು ಬದಲಿಸಿದರು. ಫೆಬ್ರವರಿಯ ಒಂದು ಪುಟಕ್ಕೆ ಚಹಾದ ಕಲೆಯನ್ನೂ ಮಾಡಿದರು. ಇಡೀ ಪ್ರಾಜೆಕ್ಟಿನಲ್ಲಿ ನಾಲ್ವರೂ ಕೂಡಿ ಮಾಡಿದ ಕೆಲಸ ಇದೊಂದೇ. ಅಚ್ಚುಕಟ್ಟಾಗಿ ಬಂದಿತ್ತು, ಸುಮ್ನೆ ಹೇಳಬಾರದು.

ವೈವಾ ದಿನ ಹೊರಗೆ ಬಿಸಿಲು ನಲವತ್ತರ ಮೇಲೆ. ಹೊರಗಿನಿಂದ ಪರೀಕ್ಷೆ ಮಾಡಲು ಬಂದ ಎಕ್ಸ್‌ಟರ್ನಲ್ ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಾ ಮೊದಲನೆಯವನನ್ನು ಕೇಳಿದರು.

"ನಿನ್ನ ಪಾಲಿನ ಕೆಲಸ ಏನಪ್ಪಾ?"

"ಲಿಟರೇಚರ್ ಸರ್ವೇರಿ ಸರ್."

"ಎಷ್ಟು ಪೇಪರ್ ಓದಿದಿ?"

"ಓದಿಲ್ರಿ ಸರ್. ಸರ್ವೇ ಮಾಡೀನ್ರಿ."

ಎರಡನೆಯವನದು ಕೋಆರ್ಡಿನೇಷನ್. ಅಂದರೆ ವಾಟ್ಸಾಪ್ ಗ್ರೂಪ್ ತೆಗೆದವನು. ಮೂರನೆಯವನು ರಿಪೋರ್ಟಿನ ರಟ್ಟಿನ ಮೇಲೆ ಬಂಗಾರದ ಅಕ್ಷರ ಹಾಕಿಸಿಕೊಂಡು ಬಂದಿದ್ದ. ಅದಕ್ಕೆ ಡಾಕ್ಯುಮೆಂಟೇಷನ್ ಅನ್ನುತ್ತಾರೆ.

"ಹಂಗಾದ್ರ ಈ ಕ್ಯಾಮೆರಾ ಯಾರು ಕೂಡಿಸಿದ್ದು?"

ಮೂವರೂ ನಾಲ್ಕನೆಯವನ ಮುಖ ನೋಡಿದರು. ಅವನು ಎರಡು ರಾತ್ರಿ ನಿದ್ದೆಗೆಟ್ಟು ಬಂದಿದ್ದ. ಬಾಯಿ ತೆರೆಯುವುದರೊಳಗೆ ಕೋಆರ್ಡಿನೇಷನ್ ಎದ್ದು ನಿಂತ. "ಟೀಮ್ ಕೂಡಿಸ್ಯಾದ್ರಿ ಸರ್."

ನಾಲ್ವರಿಗೂ ಒಂದೇ ಮಾರ್ಕ್ಸ್. ಗೈಡ್ ಮೇಡಂ ಮೃದು ಮನಸ್ಸಿನವರು. ಹೆಚ್ಚುಕಡಿಮೆ ಕೊಟ್ಟರೆ ಮರುದಿನ ಯಾರದಾದರೂ ಮಾವ ಯಾವುದಾದರೂ ಲೀಡರ್ ಕಡೆಯಿಂದ ಫೋನ್ ಮಾಡಿಸುತ್ತಾನೆ, ಸಮನಾಗಿ ಕೊಟ್ಟರೆ ಯಾರೂ ಮಾಡಿಸುವುದಿಲ್ಲ. ಒಂದು ವರ್ಷ ಹುಡುಗರೇ ಒಬ್ಬರಿಗೊಬ್ಬರು ಮಾರ್ಕ್ಸ್ ಕೊಡಲಿ ಅಂತ ಫಾರ್ಮ್ ಹಂಚಿ ನೋಡಿದರು. ಎಲ್ಲರೂ ಎಲ್ಲರಿಗೂ ಹತ್ತಕ್ಕೆ ಹತ್ತು. "ದೋಸ್ತಗ ಹ್ಯಾಂಗ ಕಮ್ಮಿ ಕೊಡೂದ್ರಿ ಮೇಡಂ?" ಫಾರ್ಮಿನ ಮೇಲೆ ಹೆಸರು ಬರೆಸಿ, ದೋಸ್ತರ ಎದುರಿಗೇ ತುಂಬಿಸಿದರೆ ಇನ್ನೇನಾಗುತ್ತದೆ?

ಇಂಜಿನಿಯರಿಂಗ್ ಕೋರ್ಸುಗಳ ಗುಣಮಟ್ಟ ನೋಡುವ ಎನ್‌ಬಿಎ ಮಂಡಳಿಯ ಮಾನ್ಯತೆಗೆ ಫೈಲ್ ತಯಾರಿ ಮಾಡಬೇಕಲ್ಲ. ಪದವೀಧರನಲ್ಲಿ ಇರಬೇಕಾದ 12 ಗುಣಗಳ ಹಳೆಯ ಪಟ್ಟಿಯಲ್ಲಿ 9ನೆಯದು ತಂಡದಲ್ಲಿ ದುಡಿಯುವುದು. ಎಕ್ಸೆಲ್‌ನಲ್ಲಿ ಮಾರ್ಕ್ಸ್ ಎಳೆದು ಬಿಟ್ಟರೆ ಅದು ತಾನೇ ಲೆಕ್ಕ ಹಾಕುತ್ತದೆ. ನಮ್ಮ ಬ್ಯಾಚಿಗೆ 3ಕ್ಕೆ 3 ಬಂತು. ಬೆಲ್ಟ್ ವೈವಾ ದಿನವೇ ಹರಿದಿತ್ತು, ಆದರೆ ಅದಕ್ಕೆ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ.

ರಿಸಲ್ಟಿಗೆ ಮುಂಚೆ ಕಾಲೇಜಿಗೆ ಒಂದು ಕಂಪನಿ ಬಂತು. ಟೀಮಿನಲ್ಲಿ ಕೆಲಸ ಮಾಡಿದ ಅನುಭವ ಹೇಳು ಅಂತ ಎಲ್ಲರಿಗೂ ಒಂದೇ ಪ್ರಶ್ನೆ. ಮೂವರು ಶರಣಬಸವರು ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋಗಿ, ತಾನೇ ಲೀಡರ್ ಆಗಿದ್ದೆ, ಹಾಸ್ಟೆಲಿನವನೊಬ್ಬ ಯಾರ ಜೊತೆಗೂ ಬೆರೆಯುತ್ತಿರಲಿಲ್ಲ, ಅವನಿಗೆ ತಿಳಿಹೇಳಿ ದಾರಿಗೆ ತಂದೆ ಅಂತ ಹೇಳಿ ಬಂದರು. ಕೊನೆಗೆ ಹಾಸ್ಟೆಲಿನವನ ಪಾಳಿ. "ಎಲ್ರೂ ಕೂಡಿ ಮಾಡೀವ್ರಿ ಸರ್" ಅಂದ. ಕಂಪನಿಯವರು ಹಿಂದಿನ ಮೂರು ಹಾಳೆ ತಿರುವಿ ನೋಡಿದರು. ಅವನ ಹೆಸರಿನ ಮುಂದೆ ಬರೆದುಕೊಂಡರು: ಹುಡುಗ ಜಾಣ, ಟೀಮ್ ವರ್ಕ್ ಸಾಲದು.