ಫುಲ್ ಫಾರಂ ಪುರಾಣ

ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪನಿಗೆ ಒಂದು ಚಟ. ಕಾಫಿಗಿಂತ ಮೊದಲು ಒಂದು ಇಂಗ್ಲಿಷ್ ಪದದ ಫುಲ್ ಫಾರಂ ಬಿಸಾಕಬೇಕು. ನ್ಯೂಸ್ ಅಂದ್ರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ಗಾಲ್ಫ್ ಅಂದ್ರೆ ಜೆಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್. ತಲೆಬರಹ ಮಾತ್ರ ಯಾವಾಗಲೂ ಒಂದೇ: 'ಇದು 99% ಜನರಿಗೆ ಗೊತ್ತಿಲ್ಲ.' ಸುಳ್ಳನ್ನಾದರೂ ಸಹಿಸಬಹುದು, ಈ ತಲೆಬರಹ ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಅಲ್ಲ ಚಿಕ್ಕಪ್ಪ, ಗಾಲ್ಫ್ ಬಿಟ್ಟು ಬಿಲ್ಲು ಹಿಡೀರಿ ಅಂತ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಕಾನೂನು ಮಾಡಿದ್ದು 1457ರಲ್ಲಿ. ಮೊದಲಕ್ಷರ ಪೋಣಿಸಿ ಪದ ಹುಟ್ಟಿಸುವ ಹುಚ್ಚು ಜೋರಾದದ್ದು 20ನೇ ಶತಮಾನದಲ್ಲಿ. ನ್ಯೂಸ್ ಅಂದ್ರೆ ಹೊಸ ಸಂಗತಿಗಳು, ಅಷ್ಟೇ. ಇಷ್ಟು ಸರಳ ಅಂದ್ರೆ ಯಾರೂ ಫಾರ್ವರ್ಡ್ ಮಾಡಲ್ಲ, ಅದೇ ತೊಂದರೆ.

ತಮಾಷೆ ಏನಂದ್ರೆ, ನಿಜವಾಗಿಯೂ ಫುಲ್ ಫಾರಂ ಇರುವ ಒಂದು ಪದವನ್ನು ಎಲ್ಲರೂ ದಿನಕ್ಕೆ ನೂರು ಸಲ ಹೇಳುತ್ತೇವೆ. ಓಕೆ. 1830ರ ದಶಕದ ಕೊನೆಗೆ ಬಾಸ್ಟನ್ನಿನ ಪತ್ರಿಕೆಯವರಿಗೆ ಒಂದು ಖಯಾಲಿ ಹತ್ತಿತ್ತು. ಬೇಕಂತಲೇ ಸ್ಪೆಲಿಂಗ್ ಕೆಡಿಸಿ, ಆ ಕೆಟ್ಟ ಸ್ಪೆಲಿಂಗಿನ ಮೊದಲಕ್ಷರಗಳನ್ನು ಅಚ್ಚು ಹಾಕಿಸುವುದು. 'ಆಲ್ ರೈಟ್' ಅನ್ನು 'oll wright' ಅಂತ ಕೆಡಿಸಿ ಓ.ಡಬ್ಲ್ಯೂ. ಅಂತೆ! 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ, 'ಗಂಟೆ ಬಾರಿಸುವಿಕೆ ವಿರೋಧಿ ಸಂಘ' ಅನ್ನುವ ಹೆಸರಿನ ಸಂಘವೊಂದರ ಬಗ್ಗೆ (ಇಂಥ ಸಂಘ ನಮ್ಮ ಬೀದಿಗೂ ಬೇಕು) ಸಂಪಾದಕರು ಕೀಟಲೆಯ ಒಂದು ಬರಹ ಹಾಕಿದರು. ಅದರಲ್ಲಿ 'ಆಲ್ ಕರೆಕ್ಟ್' ಅನ್ನಲು, 'oll korrect' ಅನ್ನುವ ಕೆಟ್ಟ ಸ್ಪೆಲಿಂಗಿನಿಂದ, ಓ.ಕೆ. ಅಂತಿತ್ತು. ಸರಿಯಾಗಿ ಬರೆದಿದ್ದರೆ ಎ.ಸಿ. ಆಗಬೇಕಿತ್ತು, ಅಲ್ವಾ? ಆಗ ನಾವೆಲ್ಲ ಫೋನಿನಲ್ಲಿ 'ಎಸಿ ಎಸಿ, ಇಡ್ತೀನಿ' ಅನ್ನುತ್ತಿದ್ದೆವು.

ಆ ಖಯಾಲಿಯ ಬೇರೆ ಪದಗಳೆಲ್ಲ ಸತ್ತವು. ಇದೊಂದು ಬದುಕಿದ್ದು ಚುನಾವಣೆಯ ದೆಸೆಯಿಂದ. 1840ರಲ್ಲಿ ಅಮೆರಿಕದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಮತ್ತೆ ಕಣಕ್ಕಿಳಿದಾಗ, ಆತನ ಊರು ಕಿಂಡರ್‌ಹುಕ್ ಆದ್ದರಿಂದ, ಬೆಂಬಲಿಗರು 'ಓಲ್ಡ್ ಕಿಂಡರ್‌ಹುಕ್' ಅಂತ ಹೆಸರಿಟ್ಟು ಓ.ಕೆ. ಕ್ಲಬ್ಬು ಕಟ್ಟಿದರು. ವಿರೋಧಿಗಳು ಬಿಟ್ಟಾರೆಯೇ? 'ಕ್ಯಾಶ್'ಗೂ 'ಕೆ' ಹಾಕಿ, ಓ.ಕೆ. ಅಂದ್ರೆ 'ಔಟ್ ಆಫ್ ಕ್ಯಾಶ್' ಅಂದರು. ಸಾಲದ್ದಕ್ಕೆ, ಹಿಂದಿನ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೆ ಸ್ಪೆಲಿಂಗ್ ಬರುತ್ತಿರಲಿಲ್ಲ, ಕಾಗದಪತ್ರದ ಮೇಲೆಲ್ಲ ಓ.ಕೆ. ಅಂತ ಗೀಚುತ್ತಿದ್ದ ಅಂತ ಒಂದು ಕತೆ ಕಟ್ಟಿ ಹಬ್ಬಿಸಿದರು.

ಭಾಷಾ ವಿದ್ವಾಂಸ ಆಲನ್ ವಾಕರ್ ರೀಡ್ ಹಳೇ ಪತ್ರಿಕೆಗಳ ರಾಶಿ ಜಾಲಾಡಿ, 1960ರ ದಶಕದಲ್ಲಿ ಇದನ್ನೆಲ್ಲ ಬಯಲಿಗೆ ತಂದರು. ಜಾಕ್ಸನ್ ಕತೆ ಮಾತ್ರ ಈಗಲೂ ಓಡಾಡುತ್ತಲೇ ಇದೆ. ಮೊನ್ನೆ ಅತ್ತೆ ಕಳಿಸಿದ್ದರು, 99%ರ ಸಮೇತ.