ನೀರು ಎಲ್ಲಿ ಸಿಗುತ್ತದೆ ಎಂದು ಹೇಳದ ಪುಸ್ತಕಗಳು

ಏಪ್ರಿಲ್ ತಿಂಗಳ ಗಂಗಾವತಿಯಲ್ಲಿ ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಇಂಥ ಹೊತ್ತಿನಲ್ಲಿ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ನಾನು ಓದುತ್ತಿರುವುದು ಸ್ಕಾಟ್‌ಲೆಂಡಿನ ಮಳೆಯಲ್ಲಿ ನಡೆಯುವವರಿಗಾಗಿ ಬರೆದ ಪುಸ್ತಕ. ಗ್ಲಾಸ್ಗೋದಲ್ಲಿ ಓದಲು ಹೋಗಿದ್ದ ಅಕ್ಕನ ಮಗ ಅಲ್ಲಿನ ಹಳೆಯ ಪುಸ್ತಕದಂಗಡಿಯಿಂದ ತಂದುಕೊಟ್ಟದ್ದು. ವೆಸ್ಟ್ ಹೈಲ್ಯಾಂಡ್ ವೇ ಎಂಬ ಕಾಲುದಾರಿಯ ಕೈಪಿಡಿ. ಗ್ಲಾಸ್ಗೋದ ಮಗ್ಗುಲಿನ ಮಲ್‌ಗೈಯಿಂದ ಫೋರ್ಟ್ ವಿಲಿಯಂವರೆಗೆ 154 ಕಿಲೋಮೀಟರ್, 1980ರಲ್ಲಿ ತೆರೆದ ದಾರಿ. ನನಗೆ ಚಳಿ ಒಗ್ಗುವುದಿಲ್ಲ, ಪಾಸ್‌ಪೋರ್ಟೂ ಇಲ್ಲ. ಆದರೂ ಇದು ಮೂರನೆಯ ಓದು.

ಹಿಡಿಸಿದ್ದು ಅದರ ಜಿಪುಣತನ. ಲೊಮಂಡ್ ಸರೋವರದ ಚೆಲುವಿಗೆ ಎರಡೇ ಸಾಲು. ಅದರ ಪೂರ್ವ ದಂಡೆಯಲ್ಲಿ ಬಂಡೆ, ಬೇರುಗಳ ನಡುವೆ ನಡಿಗೆ ಎಷ್ಟು ನಿಧಾನವಾಗುತ್ತದೆ ಎಂಬುದಕ್ಕೆ ಒಂದಿಡೀ ಪುಟ. ರಾನಕ್ ಮೂರ್ ಎಂಬ ಬಯಲಿನಲ್ಲಿ ಗಾಳಿಗೆ ಮರೆ ಸಿಗದು ಎಂಬ ಎಚ್ಚರಿಕೆ. ಬೇಸಿಗೆಯ ಸಂಜೆ ಮುತ್ತಿಕೊಳ್ಳುವ ನುಸಿಗಳ ಕಾಟದ ಬಗ್ಗೆ ಬರೆದ ಕಡೆ ಹಿಂದಿನ ಒಡೆಯರು ಪೆನ್ಸಿಲ್‌ನಿಂದ ಗೀಟು ಎಳೆದಿದ್ದಾರೆ. ಗೀಟಿನ ಪಕ್ಕದಲ್ಲೇ ಒಂದು ನುಸಿ ಚಪ್ಪಟೆಯಾಗಿ ಅಂಟಿಕೊಂಡಿದೆ. ಇದಕ್ಕಿಂತ ಸಾಕ್ಷಿ ಬೇಕೆ?

ಕರಾವಳಿ ದಾರಿಗಳ ಕೈಪಿಡಿಯನ್ನಂತೂ ಪಂಚಾಂಗದಂತೆ ಓದಬೇಕು. ಇಂಗ್ಲೆಂಡಿನ ನೈಋತ್ಯ ಕರಾವಳಿಯ ಕಾಲುದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು. ಕಳ್ಳಸಾಗಣೆ ತಡೆಯಲು ಕಾವಲುಗಾರರು ತಿರುಗಾಡಿ ಸವೆಸಿದ ಹಾದಿ ಅದು. ಅಲ್ಲಿ ಎರ್ಮ್ ಎಂಬ ಹೊಳೆ ಸಮುದ್ರ ಸೇರುವ ಕಡೆ ದೋಣಿಯಿಲ್ಲ. ಸಮುದ್ರದ ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದು ತಾಸು ಮುಂಚೆ, ಒಂದು ತಾಸು ಆಮೇಲೆ, ಅಷ್ಟರೊಳಗೆ ನೀರಿಗಿಳಿದು ದಾಟಬೇಕು. ತಪ್ಪಿದರೆ ಮೈಲಿಗಟ್ಟಲೆ ಸುತ್ತು. ಹಂಪಿಯಿಂದ ಆನೆಗೊಂದಿಗೆ ತುಂಗಭದ್ರೆ ದಾಟುವ ನಮ್ಮ ತಳವಾರಘಟ್ಟದಲ್ಲೂ ಜಲಾಶಯದ ಗೇಟು ತೆಗೆದು ಹೊಳೆ ಏರಿದರೆ ಹರಿಗೋಲು ಬಿಡುವುದಿಲ್ಲ. ನಾನು ಕೊಂಡ ಹಂಪಿ–ಆನೆಗೊಂದಿ ಪುಸ್ತಿಕೆಗಳಲ್ಲಿ ವಾಲಿ ಸುಗ್ರೀವರ ಜಗಳ ಸವಿಸ್ತಾರವಾಗಿದೆ. ಇದೊಂದು ಸಾಲು ಇಲ್ಲ.

ನನ್ನ ಸಿಟ್ಟು ಹಿರೇಬೆಣಕಲ್‌ನಲ್ಲಿ ಹುಟ್ಟಿದ್ದು. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಶಿಲಾಸಮಾಧಿಗಳ ಬೆಟ್ಟ, ನಮ್ಮವರ ಬಾಯಲ್ಲಿ ಮೋರ್ಯರ ಬೆಟ್ಟ. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ಸಂಭಾವ್ಯ ಪಟ್ಟಿಗೂ ಸೇರಿತು. ಜನವರಿಯಲ್ಲಿ ಅಕ್ಕನ ಮಗನ ಜೊತೆ ಹೋದೆ. ಕೈಯಲ್ಲಿದ್ದ ಪುಸ್ತಿಕೆ ‘ಊರಿನಿಂದ ಕಾಲುದಾರಿ ಇದೆ’ ಎಂದು ಹೇಳಿ ಕೈತೊಳೆದುಕೊಂಡಿತ್ತು. ಮೊಬೈಲಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಗುರಿಯ ಪಕ್ಕದಲ್ಲೇ ಇತ್ತು. ನಡುವೆ ಆಳೆತ್ತರದ ಗುಂಡುಗಲ್ಲುಗಳಿದ್ದವು, ಅವು ನಕ್ಷೆಯಲ್ಲಿರಲಿಲ್ಲ. ಹತ್ತು ಗಂಟೆಗೆಲ್ಲ ಎರಡು ಬಾಟಲಿ ನೀರು ಖಾಲಿ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ನಕ್ಕರು. ‘ಆಡು ಹೋದದ್ದೆಲ್ಲ ಮನುಷ್ಯರ ದಾರಿಯಲ್ಲ, ತಮ್ಮಾ. ಈ ಹಾಸುಬಂಡೆಯನ್ನು ಎಡಕ್ಕೆ ಬಿಟ್ಟು ಹೋಗಿ. ಕಲ್ಲಿನ ನಗಾರಿ ಕಣ್ಣಿಗೆ ಬೀಳುವ ತನಕ ಎಲ್ಲೂ ಇಳಿಯಬೇಡಿ.’ ಕೈಪಿಡಿ ಎಂದರೆ ಇದು. ಅಚ್ಚಾಗಿಲ್ಲ, ಅಷ್ಟೇ.

ಬೆಟ್ಟದ ನಡಿಗೆಗೆ ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನವರು 1892ರಲ್ಲಿ ಒಂದು ಲೆಕ್ಕ ಕೊಟ್ಟರು. ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ತಾಸು, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. ಆ ಲೆಕ್ಕ ಹಿಡಿದು ನಮ್ಮ ಬೆಟ್ಟ ಹತ್ತಿದರೆ ಕೆಟ್ಟಿರಿ. ನಮ್ಮಲ್ಲಿ ಏರಿಗಿಂತ ಕಾದ ಬಂಡೆಯೇ ತ್ರಾಣ ಕಸಿಯುತ್ತದೆ. ಒಂಬತ್ತು ಗಂಟೆಯ ನಂತರ ಸಮಯವನ್ನೂ ನೀರನ್ನೂ ದುಪ್ಪಟ್ಟು ಹಿಡಿಯಬೇಕು ಎಂಬುದು ನನ್ನ ಲೆಕ್ಕ. ಇಂಥದ್ದನ್ನು ಇಲ್ಲಿ ನಡೆದವರೇ ಬರೆಯಬೇಕು.

ವೇನ್‌ರೈಟ್ ಎಂಬುವರು ಇಂಗ್ಲೆಂಡಿನ ಕೆಂಡಲ್ ಪಟ್ಟಣದ ಪುರಸಭೆಯಲ್ಲಿ ಖಜಾಂಚಿಯಾಗಿದ್ದವರು. ರಜೆಯ ದಿನ ಗುಡ್ಡ ಹತ್ತಿ, ಸಂಜೆ ಮನೆಯಲ್ಲಿ ಕೂತು, ಚಿತ್ರವನ್ನೂ ಅಕ್ಷರವನ್ನೂ ಕೈಯಲ್ಲೇ ಬರೆದು 1955ರಿಂದ 1966ರವರೆಗೆ ಏಳು ಸಂಪುಟಗಳಲ್ಲಿ 214 ಗುಡ್ಡಗಳನ್ನು ಮುಗಿಸಿದರು. ಆಮೇಲೆ ಪೆನೈನ್ ವೇ ದಾರಿಯ ಕೈಪಿಡಿ ಮಾಡಿದಾಗ ಪುಸ್ತಕವನ್ನು ಕೊನೆಯ ಪುಟದಿಂದ ಆರಂಭಿಸಿ, ನಕ್ಷೆಗಳನ್ನು ಕೆಳಗಿನಿಂದ ಮೇಲಕ್ಕೆ ಓದುವಂತೆ ಜೋಡಿಸಿದರು. ನಡೆಯುವವರು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಾರಲ್ಲ! ನನಗೆ ಈ ಹಟಮಾರಿತನ ಬಹಳ ಇಷ್ಟ.

ಕೈಪಿಡಿ ಬಂದರೆ ಜನ ಬರುತ್ತಾರೆ, ಜನ ಬಂದರೆ ಪ್ಲಾಸ್ಟಿಕ್ ಬರುತ್ತದೆ ಎಂದು ಗೆಳೆಯರೊಬ್ಬರು ಗದರಿದರು. ಅರ್ಧ ಒಪ್ಪಿದೆ. ಆದರೆ ಜನ ಈಗಲೇ ಬರುತ್ತಿದ್ದಾರೆ. ಸಮಾಧಿಯ ಚಪ್ಪಡಿ ಹತ್ತಬೇಡಿ, ನಗಾರಿಯನ್ನು ಕಲ್ಲಿನಿಂದ ಕುಟ್ಟಬೇಡಿ ಎಂದು ಹೇಳಲಾದರೂ ಒಂದು ಪುಟ ಬೇಡವೇ?

ನಡೆಯುವವರಿಗೇನು ನಮ್ಮಲ್ಲಿ ಬರವಿಲ್ಲ. ಯುಗಾದಿ ಬಂತೆಂದರೆ ರಾಯಚೂರು, ಕೊಪ್ಪಳದ ಕಡೆಯಿಂದ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ನಲ್ಲಮಲ ಕಾಡು ದಾಟಿ ಶ್ರೀಶೈಲಕ್ಕೆ ನಡೆಯುತ್ತಾರೆ. ನಮ್ಮ ದೊಡ್ಡಪ್ಪ ಹನ್ನೊಂದು ಸಲ ಹೋದವರು. ಎಲ್ಲಿ ಮಜ್ಜಿಗೆ ಕೊಡುತ್ತಾರೆ, ಎಲ್ಲಿ ಅಂಗಾಲಿಗೆ ಹರಳೆಣ್ಣೆ ಹಚ್ಚುತ್ತಾರೆ, ಭೀಮನಕೊಳ್ಳದ ಇಳಿಜಾರನ್ನು ಬಿಸಿಲೇರುವ ಮೊದಲೇ ಏಕೆ ಮುಗಿಸಬೇಕು, ಎಲ್ಲವೂ ಅವರಿಗೆ ಕಂಠಪಾಠ. ಅವರು ತೀರಿಕೊಂಡ ಮೇಲೆ ಆ ಕೈಪಿಡಿಯೂ ಹೋಯಿತು. ನಾನು ಬರೆದಿಟ್ಟುಕೊಳ್ಳಲಿಲ್ಲ.

ಈಗ ಇನ್ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ಹಿರೇಬೆಣಕಲ್‌ಗೆ ನಾಲ್ಕು ಪುಟ ಆಗಿದೆ. ಈ ವರ್ಷ ಶ್ರೀಶೈಲಕ್ಕೆ ನಡೆದು ಹೋದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆತ್ಮಕೂರು ದಾಟಿದ ಮೇಲೆ ಕೈಲಾಸ ದ್ವಾರದ ತನಕ ನೀರು ಸಿಗುವ ಜಾಗಗಳನ್ನು ಸಾಲಾಗಿ, ನಡೆದ ಕ್ರಮದಲ್ಲೇ, ಬರೆದು ತಿಳಿಸಿ. ದೇವಸ್ಥಾನದ ಫೋಟೋ ಬೇಡ.